ಪಿಸ್ತೂಲು ಮನೆ ಬಿಟ್ಟ ದಿನ

ನನ್ನ ಗಂಡನ ತಿಥಿಯ ದಿನ ಎಲೆ ಎತ್ತುವ ಮೊದಲೇ ಪಿಸ್ತೂಲು ಯಾರಿಗೆ ಎಂಬ ಮಾತು ಬಂತು. ಹಿಪ್ಪುನೇರಳೆ ತೋಟ ಯಾರಿಗೆ, ಮನೆ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಇರುವವನು ಒಬ್ಬನೇ ಮಗ, ಅದೆಲ್ಲ ಅವನದೇ. ಪಿಸ್ತೂಲು ಮಾತ್ರ ಹಾಗೆ ತಾನಾಗಿ ಬರುವ ಆಸ್ತಿಯಲ್ಲ. ಅದಕ್ಕೆ ಸರ್ಕಾರ ಒಪ್ಪಬೇಕು.

ಅದನ್ನು ರಿವಾಲ್ವರ್ ಎನ್ನಬೇಕಂತೆ. ಆಫೀಸಿನವರು ನನ್ನನ್ನು ಎಷ್ಟೋ ಸಲ ತಿದ್ದಿದ್ದಾರೆ. ನಮ್ಮ ಮನೆಯಲ್ಲಿ ಅದು ಪಿಸ್ತೂಲೇ. ಗುಂಡು ಕೂರುವ ತಿರುಗಣಿ ಇರುವಂಥದ್ದು, ಅಂಗೈಗಿಂತ ಸ್ವಲ್ಪ ಉದ್ದ, ಕೈಗೆತ್ತಿಕೊಂಡರೆ ಒರಳಿನ ಗುಂಡಿನಷ್ಟು ಭಾರ ಅನ್ನಿಸುವಂಥದ್ದು. ನನ್ನ ಗಂಡ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ದುಡ್ಡು ತರುತ್ತಿದ್ದ ಕಾಲದಲ್ಲಿ ಕಳ್ಳರ ಭಯ ಎಂದು ಹೇಳಿ ಲೈಸೆನ್ಸು ಮಾಡಿಸಿಕೊಂಡಿದ್ದ. ಕಳ್ಳರು ಯಾರೂ ಬರಲಿಲ್ಲ. ಒಂದು ಸಲ ಹುಚ್ಚುನಾಯಿಗೆ ಹೊಡೆಯಲು ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಹೊಡೆದ. ನಾಯಿ ನಿಂತು ನೋಡಿ ಹೋಯಿತು. ಅದರ ಗುಂಡು ಯಾರಿಗೂ ತಗಲಲಿಲ್ಲ. ಅದರ ಹೆದರಿಕೆ ಮಾತ್ರ ಮನೆಯ ಹೆಂಗಸರಿಗೆಲ್ಲ ತಗಲಿತ್ತು. ನನ್ನ ಕಡೆಗೂ ಗುರಿ ಹಿಡಿದು ತೋರಿಸಿದ್ದ. ಆಗ ನಾನು ಬಸುರಿ. ಹೊಟ್ಟೆಯಲ್ಲಿ ಇದ್ದವನು ಈ ಮಗನೇ.

ಗಂಡ ಸತ್ತಾಗ ಮಗನ ಮೇಲೆ ಹೊಡೆದಾಟದ ಕೇಸು ನಡೆಯುತ್ತಿತ್ತು. ಪೊಲೀಸರು, ನಿನಗೆ ಕೊಡುವ ಹಾಗಿಲ್ಲ ಎಂದರು. ಹಾಗಾಗಿ ಲೈಸೆನ್ಸು ನನ್ನ ಹೆಸರಿಗೆ ಬಂತು. ಮೂರನೇ ಕ್ಲಾಸಿಗೆ ಓದು ಬಿಟ್ಟ ಹೆಂಗಸಿನ ಹೆಸರಿಗೆ ಪಿಸ್ತೂಲು. ಫೋಟೋ ತೆಗೆಯುವವನು ಸಹ ನಕ್ಕ. ಮಗನಿಗೆ ಅದರಿಂದ ಬೇಸರವಾಗಲಿಲ್ಲ. ಅಮ್ಮನ ಹೆಸರಲ್ಲಿದ್ದರೆ ತನ್ನ ಸೊಂಟದಲ್ಲಿದ್ದ ಹಾಗೆ ಎಂದುಕೊಂಡ. ನಾನು ಅದನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ದೇವರ ಕೋಣೆಯ ಟ್ರಂಕಿನಲ್ಲಿಟ್ಟು, ಎರಡರ ಕೀಲಿಯನ್ನೂ ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡೆ. ಆಗ ಅವನಿಗೆ ಬೇಸರವಾಯಿತು.

ಸೊಸೆ ಚಿಂತಾಮಣಿ ಕಡೆಯವಳು. ಕೈವಾರದ ಹತ್ತಿರದ ಹಳ್ಳಿ. ಹೆಚ್ಚು ಮಾತಿಲ್ಲ, ಕೆಲಸದಲ್ಲಿ ಚುರುಕು, ಬುದ್ಧಿಯಲ್ಲಿ ನಿಧಾನ ಎಂದು ನನಗೆ ಅನ್ನಿಸಿತ್ತು. ಬಂದ ಹೊಸತರಲ್ಲಿ ಬೀದಿಯ ಕೊನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಮುಸ್ಲಿಮರ ಮನೆಯಿಂದ ಹಬ್ಬಕ್ಕೆ ಒಂದು ಬಟ್ಟಲು ಶಾವಿಗೆ ಪಾಯಸ ಬಂದಿತ್ತು. ಇವಳು ಬಟ್ಟಲು ತೊಳೆದು ಬರಿದೇ ವಾಪಸು ಕೊಟ್ಟು ಬಂದಳು. ನಮ್ಮ ಮನೆಯಲ್ಲಿ ಬರಿ ಪಾತ್ರೆ ಯಾರ ಕೈಗೂ ಕೊಡುವುದಿಲ್ಲ. ಒಂದು ಚಿಟಿಕೆ ಸಕ್ಕರೆ, ನಾಲ್ಕು ಕಾಳು ಅಕ್ಕಿ, ಏನೂ ಇಲ್ಲದಿದ್ದರೆ ಒಂದು ಅಡಿಕೆ ಹೋಳು. ಬರಿದು ಕೊಟ್ಟರೆ ಮನೆ ಬರಿದಾಗುತ್ತದೆ. ಮೊರ ಕೊಟ್ಟರೂ ಅಷ್ಟೇ, ಬಿಂದಿಗೆ ಕೊಟ್ಟರೂ ಅಷ್ಟೇ. ನಾನು ಹೋಗಿ ಬಟ್ಟಲು ವಾಪಸು ತಂದು, ಅದರಲ್ಲೇ ಸೊಸೆಯ ತಲೆಗೆ ಕುಟ್ಟಿದೆ. ಬಟ್ಟಲು ನೆಗ್ಗಿತು. ನೆಗ್ಗಿದ ಬಟ್ಟಲಿಗೆ ಸಕ್ಕರೆ ಹಾಕಿ ಕಳಿಸಿದೆ. ಆಮೇಲೆ ಅವಳು ಯಾವತ್ತೂ ಯಾರಿಗೂ ಏನನ್ನೂ ಬರಿದು ಕೊಟ್ಟವಳಲ್ಲ.

ಹೋದ ವರ್ಷ ನನ್ನ ಕಣ್ಣಿನ ಪೊರೆ ತೆಗೆಸಿದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ ಹಾಗೇ ಇತ್ತು. ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ಎಲೆಅಡಿಕೆ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಚೀಲ ಕೀಲಿಗಳ ಸಮೇತ ಗೂಟಕ್ಕೆ ತೂಗಿತ್ತು. ಮಧ್ಯಾಹ್ನ ಮಗ ಊಟಕ್ಕೆ ಕೂತಿದ್ದ. ನನಗೆ ಕಾಣಿಸಿದ್ದು ಏನೂ ಇಲ್ಲ, ಕೇಳಿಸಿದ್ದು ಎಲ್ಲ.

"ಲೇ, ಬಾ ಇಲ್ಲಿ. ಸಾರಿಗೆ ಉಪ್ಪು ಹಾಕಿದ್ದೀಯಾ?"

"ಹಾಕಿದ್ದೀನಿ. ಕಮ್ಮಿ ಆಗಿದ್ರೆ ತರ್ತೀನಿ."

"ತರೋದು ಬೇಡ. ಕೂತ್ಕೊ. ಇದು ಏನು ಹೇಳು."

ಸೊಸೆ ಕೂತ ಬಳೆಯ ಸದ್ದು ಕೇಳಿಸಿತು.

"ಹಣೆಗೆ ತಣ್ಣಗಿದೆಯಾ? ಬೇಸಿಗೆಗೆ ಚೆನ್ನಾಗಿರ್ತದೆ. ಈಗ ಹೇಳು, ಹಾಕಿದ್ದೀಯಾ?"

"ಇಲ್ಲ."

"ಮೊದ್ಲು ಹಾಕಿದ್ದೀನಿ ಅಂದೆ."

ಟಕ್ ಎಂದಿತು. ಬೀಗ ಬಿದ್ದ ಹಾಗೆ, ಅಷ್ಟೇ ಸದ್ದು. ಆಮೇಲೆ ನೆಲದ ಮೇಲೆ ನೀರು ಬಿದ್ದ ಸದ್ದು. ಲೋಟ ಉರುಳಿರಬೇಕು ಎಂದುಕೊಂಡೆ. ವಾಸನೆ ಬಂದ ಮೇಲೆ ಅದು ಲೋಟದ ನೀರಲ್ಲ ಎಂದು ಗೊತ್ತಾಯಿತು. ಮಗ ನಕ್ಕ. "ಒಳಗೆ ಏನೂ ಇಲ್ಲ ಕಣೇ. ಬರೀ ತಮಾಷೆ. ಊಟದ ಹೊತ್ತಲ್ಲಿ ಎಂಥ ಕೆಲಸ ಮಾಡಿದೆ ನೋಡು, ಒರೆಸು." ಅವಳು ಬಟ್ಟೆ ತಂದು ಒರೆಸಿದಳು. ಅವನು ಊಟ ಮುಂದುವರಿಸಿದ.

ಪಟ್ಟಿ ಬಿಚ್ಚುವವರೆಗೆ ಅದು ಮತ್ತೆ ಮತ್ತೆ ನಡೆಯಿತು. ರೊಟ್ಟಿ ಗಟ್ಟಿಯಾದರೆ ಟಕ್. ಫೋನು ಚಾರ್ಜಿಗೆ ಹಾಕದಿದ್ದರೆ ಟಕ್. ನಾನು ಬೈದರೆ, "ಅಮ್ಮ, ನೀನು ಮಲ್ಕೊ, ಕಣ್ಣಿಗೆ ಆಗಲ್ಲ," ಎನ್ನುತ್ತಿದ್ದ. ಸೊಸೆ ಒಂದು ಸಲ ತವರಿಗೆ ಹೋದಳು. ಅವಳ ಅಪ್ಪ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಹೇಳಿ ಅದೇ ಸಂಜೆಯ ಬಸ್ಸಿಗೆ ಹತ್ತಿಸಿದ. ಬರುವಾಗ ಅವಳ ಕೈಯಲ್ಲಿ ಒಂದು ಚೀಲ ಅವರೆಕಾಯಿ ಇತ್ತು. ಮಗಳನ್ನು ಬರಿಗೈಯಲ್ಲಿ ಕಳಿಸಬಾರದಲ್ಲ.

ಬರಿ ಪಿಸ್ತೂಲಿನಲ್ಲಿ ಆಡಿದವನು ಒಂದು ದಿನ ಗುಂಡು ಹಾಕಿ ಆಡುತ್ತಾನೆ. ಇದು ಯೋಚನೆ ಮಾಡಿ ತಿಳಿಯಬೇಕಾದ ಮಾತಲ್ಲ. ಕುಡಿದಾಗ ಅವನಿಗೆ ಗುಂಡು ಇದೆಯೋ ಇಲ್ಲವೋ ನೆನಪಿರುವುದಿಲ್ಲ. ಅವಳು ಸಾಯುತ್ತಾಳೆ, ಇವನು ಜೈಲಿಗೆ ಹೋಗುತ್ತಾನೆ, ನಾನು ಹಸುವಿನ ಸಗಣಿ ಬಾಚುತ್ತಾ ಉಳಿಯುತ್ತೇನೆ. ಅದು ಮನೆಯಿಂದ ಹೋಗಬೇಕು ಎಂದು ತೀರ್ಮಾನ ಮಾಡಿದೆ.

ಅಷ್ಟರಲ್ಲಿ ಅವನ ಕೇಸು ರಾಜಿಯಾಗಿತ್ತು. ವಯಸ್ಸು ಎಪ್ಪತ್ತು ದಾಟಿದವರು ಮಕ್ಕಳ ಹೆಸರಿಗೆ ಕೊಡಬಹುದಂತೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ದಿನಾ ಅದೇ ಮಂತ್ರ. "ನಿನಗ್ಯಾಕಮ್ಮ ಅದು? ನಾಳೆ ನೀನು ಹೋದ್ರೆ ಸ್ಟೇಷನ್ನಿಗೆ ಒಪ್ಪಿಸ್ಬೇಕು. ನನ್ನ ಹೆಸರಿಗೆ ಮಾಡು."

"ಮಾಡ್ತೀನಿ ಇರು," ಎಂದು ಹೇಳಿ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಡಿಸಿ ಆಫೀಸಿನ ಗುಮಾಸ್ತ ನನ್ನನ್ನು ಊಟದ ಹೊತ್ತಿನವರೆಗೆ ಬೆಂಚಿನ ಮೇಲೆ ಕೂರಿಸಿ, ಆಮೇಲೆ ಕರೆದ.

"ಅಜ್ಜಿ, ಈ ವಯಸ್ಸಲ್ಲಿ ರಿವಾಲ್ವರ್ ಇಟ್ಕೊಂಡು ಯಾರನ್ನ ಹೊಡೀತೀರ?"

"ಕಾಯಿಸೋರನ್ನ ಹೊಡೆಯಣ ಅಂತಿದ್ದೆ. ತರೋದು ಮರೆತೆ."

ಅವನು ನಕ್ಕ. ನಗುವವನ ಹತ್ತಿರ ಕೆಲಸ ಆಗುತ್ತದೆ. ಕೊಡುವುದಾದರೆ ಲೈಸೆನ್ಸು ಇರುವವರಿಗೇ ಕೊಡಬೇಕು ಎಂದ. ನಮ್ಮ ಸುತ್ತಮುತ್ತ ಲೈಸೆನ್ಸು ಇರುವವರು ಎಲ್ಲ ಮಗನ ಗೆಳೆಯರೇ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಅದು ಇವನ ಸೊಂಟದಲ್ಲಿರುತ್ತದೆ. ನನ್ನ ತಮ್ಮ ಹಿಂದೂಪುರದಲ್ಲಿದ್ದಾನೆ. ಅಲ್ಲಿಯೇ ಮನೆ ಕಟ್ಟಿ ತೆಲುಗಿನವನಾಗಿ ಹೋಗಿದ್ದಾನೆ. ಅವನಿಗೆ ಆ ಕಡೆಯ ಲೈಸೆನ್ಸು ಇದೆ, ನನ್ನ ಮಗನನ್ನು ಕಂಡರೆ ಆಗುವುದಿಲ್ಲ. ಅವನಿಗೆ ಕೊಡುತ್ತೇನೆ ಎಂದೆ.

"ನಿಮ್ಮ ಲೈಸೆನ್ಸು ಕರ್ನಾಟಕದ ಗಡಿಗೆ ಮುಗೀತದೆ ಅಜ್ಜಿ. ಗೌರಿಬಿದನೂರು ದಾಟಿ ಆಂಧ್ರಕ್ಕೆ ಕಾಲಿಟ್ರೆ ಅದು ಕಳ್ಳ ಪಿಸ್ತೂಲು. ಪರ್ಮಿಷನ್ ಬೇಕು, ಎರಡೂ ಕಡೆಯದು."

ಅದಕ್ಕೆ ಓಡಾಡಿದ್ದು ಹೇಳಿದರೆ ಮುಗಿಯುವುದಿಲ್ಲ. ತಮ್ಮ ಆ ಕಡೆ ಓಡಾಡಿದ, ನಾನು ಈ ಕಡೆ. ಕಡೆಗೆ ಒಪ್ಪಿಗೆ ಬಂದ ದಿನ ಗುಮಾಸ್ತ ನನ್ನನ್ನು ಕೂರಿಸಿ ಮಗುವಿಗೆ ಹೇಳಿದಂತೆ ಹೇಳಿದ. "ಕಾರಲ್ಲಿ ನೀವೇ ಇರಬೇಕು. ಮಗನ ಕೈಲಿ ಕೊಟ್ಟು ಕಳಿಸೋ ಹಾಗಿಲ್ಲ. ಪಿಸ್ತೂಲು ಒಂದು ಪೆಟ್ಟಿಗೇಲಿ, ಗುಂಡು ಇನ್ನೊಂದರಲ್ಲಿ. ಪಿಸ್ತೂಲು ಖಾಲಿ ಇರಬೇಕು, ಬೀಗ ಹಾಕಿರಬೇಕು. ಕೇಳಿಸ್ತಾ? ಖಾಲಿ."

"ಕೇಳಿಸ್ತು," ಎಂದೆ. ನನಗೆ ಕೇಳಿಸಿತ್ತು. ಸೊಸೆ ಅಲ್ಲಿರಲಿಲ್ಲ.

ಇನ್ನು ಕಾರು ಓಡಿಸುವವನು ಬೇಕು. ಬಾಡಿಗೆ ಕಾರಿನವನು ಬಾಗಿಲಿಗೆ ಬಂದರೆ ಮಗನಿಗೆ ಗೊತ್ತಾಗದೆ ಇರುವುದಿಲ್ಲ, ಗೊತ್ತಾದರೆ ಪೆಟ್ಟಿಗೆ ಹೊಸಿಲು ದಾಟುವುದಿಲ್ಲ. ಹಾಗಾಗಿ ಅವನ ಕೈಯಲ್ಲೇ ಓಡಿಸಬೇಕು ಎಂದು ತೀರ್ಮಾನಿಸಿದೆ. ಊಟಕ್ಕೆ ಕೂತಾಗ ಹೇಳಿದೆ. "ಪಿಸ್ತೂಲಿನ ಕಾಗದ ಆಯ್ತು ಕಣೋ. ಆದ್ರೆ ನಾನು ಹೆಂಗಸು, ಗಂಡಸಿನ ಆಯುಧ ನನ್ನ ಕೈಯಿಂದ ನಿನಗೆ ಬರಬಾರದು. ನಿನ್ನ ಕಿವಿ ಚುಚ್ಚಿದ್ದು ಸೋದರಮಾವನ ತೊಡೆ ಮೇಲೆ. ಇದೂ ಅವನ ಕೈಯಿಂದಲೇ ಬರಲಿ. ಹಿಂದೂಪುರಕ್ಕೆ ಹೋಗಣ."

ಅವನು ತುತ್ತು ಕೈಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದ. ಕಣ್ಣಲ್ಲಿ ನೀರು ಬಂತು. ಅವನ ಅಪ್ಪ ಸತ್ತಾಗಲೂ ಅಷ್ಟು ಬಂದಿರಲಿಲ್ಲ. ಕಾಗದ ಕೇಳಿ ಓದುವ ಅಭ್ಯಾಸ ಅವನಿಗಿಲ್ಲ, ಓದು ಬರುತ್ತದೆ ಆದರೂ. ಮಾರನೆಯ ದಿನವೇ ಬೆಂಗಳೂರಿಗೆ ಹೋಗಿ ಸೊಂಟಕ್ಕೆ ಕಟ್ಟುವ ಚರ್ಮದ ಚೀಲ ತಂದ. ಪಿಸ್ತೂಲು ಸಿಕ್ಕಿಸಿಕೊಳ್ಳುವಂಥದ್ದು. ಬೀದಿಯಲ್ಲಿ ಕಂಡವರಿಗೆಲ್ಲ ಶರಟು ಎತ್ತಿ ತೋರಿಸಿದ. ನನಗೆ ಅಯ್ಯೋ ಅನ್ನಿಸಲಿಲ್ಲ. ಹೋರಿಯನ್ನು ಸಂತೆಗೆ ಹೊಡೆಯುವಾಗ ಹಿಂಡಿ ತೋರಿಸಿಯೇ ಹೊಡೆಯುವುದು.

ಹೊರಡುವ ದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ತೆರೆದು ಪಿಸ್ತೂಲಿಗೆ ಅರಿಶಿನ ಕುಂಕುಮ ಇಟ್ಟೆ. ಮನೆ ಬಿಡುವ ವಸ್ತು, ಹಾಗೇ ಕಳಿಸಬಾರದು. ಗುಂಡುಗಳು ಬಿಸ್ಕತ್ತಿನ ಡಬ್ಬಿಯಲ್ಲಿ ಪಕ್ಕದಲ್ಲಿದ್ದವು. ಹೊರಗೆ ಮಗ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕೂತು, ಹಾರನ್ ಹೊಡೆಯುತ್ತಿದ್ದ. ನಾನು ಸೀರೆ ಬದಲಾಯಿಸಲು ಒಳಗೆ ಹೋಗುತ್ತಾ ಸೊಸೆಗೆ ಹೇಳಿದೆ. "ಪೆಟ್ಟಿಗೆ ಮುಚ್ಚಿ ಬೀಗ ಹಾಕೇ. ಡಬ್ಬಿ ಊಟದ ಬುಟ್ಟಿಯ ಕೆಳಗೆ ಇಡು." ಬಂದು ನೋಡಿದರೆ ಬೀಗ ಬಿದ್ದಿತ್ತು. ಕೀಲಿ ತೆಗೆದು ಚೀಲಕ್ಕೆ ಹಾಕಿಕೊಂಡೆ. ಸೊಸೆಗೆ ನಿಜ ಹೇಳಿದ್ದೆ, ಇವತ್ತು ಹೋದರೆ ಅದು ತಿರುಗಿ ಬರುವುದಿಲ್ಲ ಎಂದು. ಅವಳು ಹೂಂ ಎಂದಿದ್ದಳು, ಅಷ್ಟೇ.

ಚಿಕ್ಕಬಳ್ಳಾಪುರ ದಾಟುವಾಗ ಸ್ಕಂದಗಿರಿ ಹತ್ತಿ ಇಳಿದ ಬೆಂಗಳೂರಿನ ಹುಡುಗರು ರಸ್ತೆಯ ತುಂಬ ಕಾರು ನಿಲ್ಲಿಸಿಕೊಂಡು ಟೀ ಕುಡಿಯುತ್ತಿದ್ದರು. ಬೇರೆ ದಿನವಾಗಿದ್ದರೆ ಮಗ ಇಳಿದು ಜಗಳ ಆಡುತ್ತಿದ್ದ. ಅವತ್ತು ನಗುತ್ತಾ ದಾರಿ ಬಿಡಿಸಿಕೊಂಡ. ಪೆಟ್ಟಿಗೆ ನನ್ನ ಕಾಲ ಹತ್ತಿರ ಇತ್ತು. ಹಿಂದಿನ ಸೀಟಿನಲ್ಲಿ ಸೊಸೆ ಬುಟ್ಟಿ ಹಿಡಿದುಕೊಂಡು ಕೂತಿದ್ದಳು.

ಮಂಚೇನಹಳ್ಳಿ ದಾಟಿ ಒಂದು ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಹುಚ್ಚೆಳ್ಳು ಚಟ್ನಿ. ತಿಂದು ಕೈ ತೊಳೆದು ಮಗ ಹಲ್ಲಿಗೆ ಕಡ್ಡಿ ಹಾಕುತ್ತಾ, "ಕೀ ಕೊಡಮ್ಮ," ಎಂದ.

"ಯಾಕೆ?"

"ಒಂದ್ಸಾರಿ ನೋಡ್ತೀನಿ. ನೀನು ಕಣ್ಣು ಬಿಟ್ಟ ಮೇಲೆ ಮುಟ್ಟೇ ಇಲ್ಲ. ಇವಳಿಗೂ ಮರೆತೋಗಿರ್ತದೆ. ಏನೇ, ಮರೆತೋಯ್ತಾ?"

ಸೊಸೆ ತಟ್ಟೆ ತೊಳೆಯುತ್ತಿದ್ದಳು. "ಇಲ್ಲ," ಎಂದಳು.

"ಬಾ ಇಲ್ಲಿ, ಕೂತ್ಕೊ. ಇವತ್ತು ಕಡೇ ಸಾರಿ ಅಮ್ಮನ ಪಿಸ್ತೂಲು. ನಾಳೆಯಿಂದ ಯಜಮಾನ್ರದು. ಕೊಡಮ್ಮ ಕೀ, ಒಂದೇ ಸಾರಿ ಟಕ್ ಅನ್ನಿಸ್ತೀನಿ."

ಸೊಸೆ ತಟ್ಟೆ ಕೆಳಗಿಟ್ಟು ಬಂದು, ಅವನು ಹೇಳಿದ ಕಡೆ ಕೂತಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. ಇಬ್ಬರೂ ನನ್ನ ಕಡೆ ನೋಡಿದರು.

"ಮಾವನ ಕೈಯಿಂದ ಬರೋದನ್ನ ದಾರೀಲಿ ಮುಟ್ಟಿದ್ರೆ ಅದು ಕದ್ದ ಹಾಗೆ. ಇಷ್ಟು ದಿನ ಕಾದಿದ್ದೀಯ, ಇನ್ನೊಂದು ಗಳಿಗೆ ಕಾಯೋಕಾಗಲ್ವಾ?" ಎಂದೆ.

ಕಾನೂನು ಹೇಳಿದ್ದರೆ ಅವನು ಕೇಳುತ್ತಿರಲಿಲ್ಲ. ಶಾಸ್ತ್ರ ಹೇಳಿದ್ದಕ್ಕೆ ಕೇಳಿದ. ಕಡ್ಡಿ ಉಗುಳಿ ಎದ್ದ. "ಆಯ್ತು ಬಿಡು. ಬರ್ತಾ ಈ ಮರದ ಕೆಳಗೇ ನಿಲ್ಲಿಸ್ತೀನಿ ಕಣೇ," ಎಂದು ಹೆಂಡತಿಯ ಹಣೆಗೆ ಎರಡು ಬೆರಳಿಟ್ಟು ನಾಲಿಗೆಯಲ್ಲಿ ಟಕ್ ಎನ್ನಿಸಿದ.

ಗೌರಿಬಿದನೂರು ದಾಟಿ ಗಡಿಯ ಹತ್ತಿರ ಆ ಕಡೆಯ ಪೊಲೀಸರು ಅಡ್ಡ ಕಂಬ ಹಾಕಿಕೊಂಡು ನಿಂತಿದ್ದರು. ನಮ್ಮ ಕಡೆಯಿಂದ ಪ್ಯಾಕೆಟ್ ಹೆಂಡ ಸಾಗಿಸುವವರನ್ನು ಹಿಡಿಯುವುದು ಅವರ ಕೆಲಸ. ವಯಸ್ಸಾದ ಒಬ್ಬ ಪೇದೆ ಬುಟ್ಟಿ ಕೆದಕಿದ, ಸೀಟಿನ ಕೆಳಗೆ ಕೋಲು ಹಾಕಿದ, ಆಮೇಲೆ ನನ್ನ ಕಾಲ ಕಡೆ ನೋಡಿದ.

"ಪೆಟ್ಟೆಲೋ ಏಮುಂದಿ ಅವ್ವಾ?"

ಪೆಟ್ಟಿಗೆಯಲ್ಲಿ ಪಿಸ್ತೂಲಿದೆ ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ಕೊಬ್ಬರಿ ಇದೆ ಎಂದ ಹಾಗೆ ಹೇಳಿದ್ದರಿಂದ ಅವನು ಮೊದಲು ನಂಬಲಿಲ್ಲ. ಕಾಗದ ಕೊಟ್ಟ ಮೇಲೆ ಕೊಠಡಿಯಿಂದ ಎಸ್ಸೈ ಬಂದ. ಚಿಕ್ಕ ವಯಸ್ಸಿನವನು, ಕನ್ನಡ ಚೆನ್ನಾಗಿ ಬರುತ್ತಿತ್ತು. ಕಾಗದವನ್ನು ಕಾರಿನ ಮೂತಿಯ ಮೇಲೆ ಹರಡಿ ಓದಿದ.

"ಸರಿಯಾಗೈತೆ ಅಜ್ಜಿ. ಹಿಂದೂಪುರದಲ್ಲಿರೋ ನಿಮ್ಮ ತಮ್ಮನಿಗೆ ಕೊಡೋಕೆ ಅಲ್ವಾ?"

ಮಗ ಮುಂದೆ ಬಂದ. "ಮಾವ ನನಗೆ ಕೊಡ್ತಾರೆ ಸಾರ್. ಅವರ ಕೈಯಿಂದ ನನ್ನ ಕೈಗೆ. ನಮ್ಮಲ್ಲಿ ಶಾಸ್ತ್ರ."

"ನಿನ್ನ ಹೆಸರು ಇದರಲ್ಲಿ ಎಲ್ಲೂ ಇಲ್ವಲ್ಲಪ್ಪ. ತಮ್ಮನಿಗೆ ಶಾಶ್ವತವಾಗಿ ಕೊಟ್ಟುಬಿಡೋದು ಅಂತ ಬರೆದವ್ರೆ. ನಿಮ್ಮಮ್ಮನೇ ಸೈನ್ ಹಾಕವ್ರೆ, ನೋಡು."

ಮಗ ನೋಡಿದ. ತುಟಿ ಅಲ್ಲಾಡಿಸುತ್ತಾ ಓದಿದ. ಆಮೇಲೆ ನನ್ನ ಕಡೆ ತಿರುಗಿದ. ಅವನ ಶರಟು ಗಾಳಿಗೆ ಎದ್ದು ಸೊಂಟದ ಬರಿ ಚೀಲ ಕಾಣಿಸಿತು. ಪೇದೆ ಅದನ್ನು ಕೋಲಿನ ತುದಿಯಲ್ಲಿ ತಟ್ಟಿ ಸಾಹೇಬನಿಗೆ ತೋರಿಸಿದ.

"ಇದೇನಪ್ಪ, ಹೆಣ್ಣೇ ಗೊತ್ತಾಗದೆ ಬಾಸಿಂಗ ಕಟ್ಕೊಂಡು ಬಂದಿದ್ದೀಯ?" ಎಂದ ಎಸ್ಸೈ. ಅಲ್ಲಿದ್ದವರೆಲ್ಲ ನಕ್ಕರು. ಹಿಂದೆ ನಿಂತಿದ್ದ ಟೊಮೆಟೊ ಗಾಡಿಯ ಡ್ರೈವರು ಕೂಡ ನಕ್ಕ. ನಾನೂ ನಕ್ಕಿರಬೇಕು, ಯಾಕೆಂದರೆ ಮಗ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಪೆಟ್ಟಿಗೆ ತೆಗೀರಿ ಅಜ್ಜಿ, ನಂಬರ್ ನೋಡಿ ಕಳಿಸ್ತೀನಿ," ಎಂದ ಎಸ್ಸೈ.

ಕೀಲಿ ಕೊಟ್ಟೆ. ಕುಂಕುಮ ಮೆತ್ತಿದ ಪಿಸ್ತೂಲನ್ನು ಕರವಸ್ತ್ರದಲ್ಲಿ ಹಿಡಿದೆತ್ತಿ, ನಂಬರ್ ಓದಿ, ತಿರುಗಣಿ ಬಿಚ್ಚಿದ. ಒಂದು ಗುಂಡು ಹೊರಗೆ ಬಂದು ಕಾರಿನ ಮೂತಿಯ ಮೇಲೆ ಬಿತ್ತು, ಉರುಳಿತು, ವೈಪರ್‌ಗೆ ತಾಗಿ ನಿಂತಿತು. ಅದಕ್ಕೂ ಅರಿಶಿನ ಹಚ್ಚಿತ್ತು.

ನಗು ನಿಂತಿತು.

"ಯಾರು ಲೋಡ್ ಮಾಡಿದ್ದು?"

ನಾನು ಮಗನನ್ನು ನೋಡಿದೆ. ಅವನಿಗೆ ಕೀಲಿಯೇ ಸಿಕ್ಕಿರಲಿಲ್ಲ. ಆಮೇಲೆ ಸೊಸೆಯನ್ನು ನೋಡಿದೆ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಸಾರು ಸೀದುಹೋದಾಗ ಇರುವಂಥ ಮುಖ.

"ಬರಿದು ಕೊಡಬಾರದು ಅಂತ..." ಎಂದಳು.

ಆಗ ತಿಳಿಯಿತು. ಬೇರೆ ಮನೆಗೆ ಹೋಗುವ ವಸ್ತು, ಬರಿದಾಗಿ ಹೋಗಬಾರದು ಎಂದು ಒಂದು ಗುಂಡು ಹಾಕಿದ್ದಳು. ಬಟ್ಟಲಿಗೆ ಸಕ್ಕರೆ ಹಾಕುವ ಹಾಗೆ. ಅವನು ಅಷ್ಟು ಸಲ ಎದುರಿಗೆ ಕೂತು ಬಿಚ್ಚಿ ತೋರಿಸಿದ್ದನಲ್ಲ, ಎಲ್ಲಿ ಹಾಕಬೇಕೆಂದು ಗೊತ್ತಿತ್ತು. ಕಲಿಸಿದವಳು ನಾನು, ಬಟ್ಟಲಲ್ಲಿ ಕುಟ್ಟಿ. ಸರಿಯಾಗಿಯೇ ಕಲಿತಿದ್ದಳು.

ಮಗನಿಗೂ ತಿಳಿಯಿತು. ಹೊಂಗೆ ಮರ ನೆನಪಾಯಿತೋ ಏನೋ, ಮುಖ ಬೂದಿಯಾಯಿತು. ಒಂದು ಗಳಿಗೆ ಅವನು ಮನುಷ್ಯನ ಹಾಗೆ ಕಂಡ. ಆಮೇಲೆ ಬಾಯಿ ಬಿಟ್ಟ. "ಇವಳೇ ಸಾರ್ ಮಾಡಿದ್ದು. ನನ್ನನ್ನ ಜೈಲಿಗೆ ಹಾಕ್ಸೋಕೆ ಮಾಡಿದ್ದಾಳೆ. ಇವಳನ್ನ ತಗೊಂಡೋಗಿ," ಎಂದು ಅವಳ ತೋಳು ಹಿಡಿದು ಎಸ್ಸೈ ಮುಂದೆ ತಳ್ಳಿದ.

"ನಾನು ಹಾಕಿದ್ದು," ಎಂದೆ. "ಲೈಸೆನ್ಸು ನನ್ನದು, ಪೆಟ್ಟಿಗೆ ನನ್ನದು. ಅವಳಿಗೇನು ಗೊತ್ತು? ನಮ್ಮ ಮನೇಲಿ ಬರಿದು ಕೊಡಲ್ಲ. ಅದಕ್ಕೇ ಒಂದು ಹಾಕ್ದೆ."

ಅವಳ ಮೇಲಿನ ಪ್ರೀತಿಗೆ ಹೇಳಿದ್ದಲ್ಲ. ಅವಳು ಒಳಗೆ ಹೋದರೆ ಅವನಿಗೆ ಮತ್ತು ನನಗೆ ಅಡಿಗೆ ಮಾಡುವವರು ಇಲ್ಲ. ನನಗೆ ಒಲೆಯ ಮುಂದೆ ಕೂರಲು ಆಗುವುದಿಲ್ಲ.

ಪೇದೆಗೆ ನಗು ತಡೆಯಲಾಗಲಿಲ್ಲ. "ಮಾ ಅಮ್ಮ ಕೂಡಾ ಅಂತೇ ಸಾರ್," ಎಂದ. ಅವನ ತಾಯಿಯೂ ಬರಿ ಲೋಟ ಯಾರಿಗೂ ಕೊಡುವುದಿಲ್ಲವಂತೆ. ಎಸ್ಸೈ ನಗಲಿಲ್ಲ. "ಇದು ಲೋಟ ಅಲ್ಲ ಅಜ್ಜಿ. ಖಾಲಿ ಇರಬೇಕು ಅಂತ ಇದರಲ್ಲೇ ಬರೆದಿದ್ದಾರೆ. ನಾನು ಬಿಡೋಕಾಗಲ್ಲ. ಪಿಸ್ತೂಲು ಇಲ್ಲೇ ಇರ್ತದೆ, ನಿಮ್ಮ ಮೇಲೆ ಕೇಸ್ ಆಗ್ತದೆ."

"ಇದು ಮತ್ತೆ ನಮ್ಮ ಮನೆಗೆ ಬರ್ತದಾ?"

"ಎಲ್ಲಿ ಬರ್ತದೆ? ಕೇಸು ಮುಗಿದ್ರೂ ನಿಮ್ಮ ಲೈಸೆನ್ಸ್ ಉಳಿಯೋದು ಅನುಮಾನ."

"ಮಗನಿಗೆ?"

"ನಿಮ್ಮದೇ ಹೋದ ಮೇಲೆ ಮಗನಿಗೆ ಎಲ್ಲಿಂದ?"

"ಹಂಗಾದ್ರೆ ಬರ್ಕೊಳ್ಳಪ್ಪ," ಎಂದೆ. "ಎಲ್ಲಿ ಸೈನ್ ಹಾಕ್ಬೇಕು?"

ನಾನು ಒಂದೊಂದೇ ಅಕ್ಷರ ಕೂಡಿಸಿ ಸೈನ್ ಹಾಕುತ್ತಿದ್ದಾಗ ಹೊರಗೆ ಕಾರು ಹೊರಟ ಸದ್ದು ಕೇಳಿಸಿತು. ಮಗ ನಮ್ಮನ್ನು ಅಲ್ಲೇ ಬಿಟ್ಟು ಹೋದ. ತಮ್ಮ ಹಿಂದೂಪುರದಿಂದ ಮೋಟಾರ್‌ಸೈಕಲ್ಲಿನಲ್ಲಿ ಬಂದು ನನಗೆ ಜಾಮೀನು ನಿಂತ. ಅಲ್ಲೇ ನಿಂತು ಚೆನ್ನಾಗಿ ಬೈದ. ನಾವು ಹೊರಡುವಾಗ ಪೇದೆ ನನ್ನ ಮರದ ಪೆಟ್ಟಿಗೆ ತಂದುಕೊಟ್ಟ, ಅದು ಅವರಿಗೆ ಬೇಡವಂತೆ. ತೆರೆದು ನೋಡಿದರೆ ಒಳಗೆ ಅವನು ಕುಡಿದ ಟೀಯ ಪೇಪರ್ ಲೋಟ ಮುದುರಿ ಹಾಕಿದ್ದ. "ಬರಿದು ಕೊಡಬಾರದಲ್ಲ ಅವ್ವಾ," ಎಂದ. ಎಲ್ಲರೂ ಮತ್ತೆ ನಕ್ಕರು. ಅದು ಸರಿಯೇ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ನಾನು ಸೊಸೆ ಇಬ್ಬರೂ ಗೌರಿಬಿದನೂರಿಗೆ ಬಂದು, ಅಲ್ಲಿಂದ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ಬಸ್ಸು ಆ ಹೊಂಗೆ ಮರದ ಹತ್ತಿರ ಬಂದಾಗ ನಾನು ಕೇಳಿದೆ.

"ಅಲ್ಲಿ ಅವನು ಕೀ ಕೇಳಿದಾಗ ನಿನಗೆ ನೆನಪಿತ್ತೇನೇ, ಒಳಗೆ ಗುಂಡು ಐತೆ ಅಂತ?"

"ಇತ್ತು ಅತ್ತೆ."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು?"

ಅವಳು ಕಿಟಕಿಯ ಕಡೆ ನೋಡಿದಳು. "ಹೇಳಿದ್ರೆ ಕೆನ್ನೆಗೆ ಬೀಳ್ತಿತ್ತು. ಅವರು ಹೊಡೀತಿದ್ರು. ಅವರು ಬಿಟ್ರೆ ನೀವು ಹೊಡೀತಿದ್ರಿ."

ನಿಜವೇ. ಹೊಡೆಯುತ್ತಿದ್ದೆ. ಏಟಿಗೆ ಹೆದರಿ ಗುಂಡಿನ ಮುಂದೆ ಕೂತಳು, ಸೆರಗಿನಲ್ಲಿ ಕೈ ಒರೆಸಿಕೊಂಡು. ಬುದ್ಧಿಯಲ್ಲಿ ನಿಧಾನ ಎಂದು ಅನ್ನಿಸಿದ್ದು ಸುಳ್ಳಲ್ಲ. ಅಥವಾ ಸಾಕಾಗಿತ್ತೋ ಏನೋ. ಕಂಡಕ್ಟರ್ ಟಿಕೆಟ್ಟಿಗೆ ಬಂದ, ಮಾತು ಅಲ್ಲಿಗೆ ನಿಂತಿತು.

ಕೇಸು ಮುಗಿಯುವವರೆಗೆ ಹಿಂದೂಪುರದ ಕೋರ್ಟಿಗೆ ಓಡಾಡಿದೆ. ದಂಡ ಕಟ್ಟಿದೆ. ಲೈಸೆನ್ಸು ಹೋಯಿತು. ಊರಿನವರು ಮುದುಕಿಗೆ ಅರಳುಮರಳು ಎಂದರು. ಮಗ ನನ್ನ ಜೊತೆ ಮಾತು ಬಿಟ್ಟ. ಮಾತಾಡದ ಮಗನಿಂದ ಮನೆ ಎಷ್ಟು ತಣ್ಣಗಿರುತ್ತದೆ ಎಂದು ಆಗ ಗೊತ್ತಾಯಿತು. ಆದರೆ ಆ ಚರ್ಮದ ಚೀಲವನ್ನು ಅವನು ಬಿಚ್ಚಲಿಲ್ಲ. ಬೆಂಗಳೂರಿನಿಂದ ತಂದದ್ದು, ಊರಿಗೆಲ್ಲ ತೋರಿಸಿದ್ದು, ಬಿಚ್ಚಿದರೆ ಇನ್ನೂ ನಗುತ್ತಾರೆ ಎಂದಿರಬೇಕು. ಅದರಲ್ಲಿ ಫೋನು ಇಟ್ಟುಕೊಂಡು ಓಡಾಡಿದ.

ಒಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅವರೆಕಾಳಿನ ಸಾರು. ಮಗ ಒಂದು ತುತ್ತು ಬಾಯಿಗಿಟ್ಟು ನಿ‌ಲ್ಲಿಸಿದ.

"ಲೇ," ಎಂದ.

ಸೊಸೆ ತಲೆ ಎತ್ತಿದಳು. ಅವನ ಬಲಗೈ ಸೊಂಟಕ್ಕೆ ಹೋಯಿತು. ಚೀಲದ ಗುಂಡಿ ಬಿಚ್ಚಿತು. ಒಳಗಿನ ಫೋನು ಬೆರಳಿಗೆ ತಾಗಿರಬೇಕು, ಕೈ ಅಲ್ಲೇ ನಿಂತಿತು. ಅವನು ಆ ಕೈಯನ್ನು ಏನು ಮಾಡಬೇಕೆಂದು ಗೊತ್ತಾಗದವನ ಹಾಗೆ ನೋಡಿಕೊಂಡ. ಆಮೇಲೆ ಅದೇ ಕೈಯಲ್ಲಿ ಅವಳ ಕೆನ್ನೆಗೆ ಬಾರಿಸಿದ. ಅವಳು ಗೋಡೆಗೆ ತಾಗಿ ಬಿದ್ದಳು. ಇನ್ನೊಂದು ಕಣ್ಣಿನ ಪೊರೆಯನ್ನೂ ತೆಗೆಸಿದ ಮೇಲೆ ನನ್ನ ಎರಡೂ ಕಣ್ಣು ಈಗ ಚೆನ್ನಾಗಿ ಕಾಣುತ್ತವೆ, ಎಲ್ಲ ಕಂಡಿತು.

ಅವಳು ಎದ್ದಳು. ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು. ಗುಂಡು ತಗಲಿದ್ದರೆ ಏಳುತ್ತಿರಲಿಲ್ಲ. ಅಷ್ಟಕ್ಕೇ ನಾನು ಅಷ್ಟೆಲ್ಲ ಓಡಾಡಿದ್ದು, ಅದಕ್ಕಿಂತ ಹೆಚ್ಚಿನದನ್ನು ನಾನು ಅಂದುಕೊಂಡೂ ಇರಲಿಲ್ಲ.

ಉಪ್ಪಿನ ಬಟ್ಟಲು ತಂದು ಅವನ ತಟ್ಟೆಗೆ ಹಾಕಿದಳು. ಸಾರಿಗೆ ಉಪ್ಪು ನಿಜಕ್ಕೂ ಕಡಿಮೆಯಾಗಿತ್ತು.

"ನನಗೂ ಹಾಕೇ," ಎಂದೆ.